ಸಂತೆಯ ದಿನದ ಖಾಲಿ ಟ್ರೈಲರ್

ಸಂತೆಯ ದಿನ ಮಧ್ಯಾಹ್ನ ನಮ್ಮ ಕಾಫಿ ಎಸ್ಟೇಟಿನ ಕೆಲಸದವರ ಲೈನುಮನೆಗಳ ಹೆಂಗಸರು ಕೈಚೀಲ ಹಿಡಿದು ನಡೆದುಕೊಂಡೇ ಹೊರಡುತ್ತಾರೆ. ನಾಪೋಕ್ಲಿನ ಬಸ್ಸು ಸಿಗುವ ರಸ್ತೆಗೆ ಒಂದು ಗಂಟೆಯ ದಾರಿ. ಬರುವಾಗ ತಲೆಯ ಮೇಲೆ ಅಕ್ಕಿ, ಕೈಯಲ್ಲಿ ಎಣ್ಣೆ ಡಬ್ಬ, ಮೇಲೆ ಏರು ಬೇರೆ. ದಾರಿ ನನ್ನ ಮನೆಯ ಮುಂದೆಯೇ. ಒಬ್ಬರೂ ಮುಖ ತಿರುಗಿಸಿ ನೋಡುವುದಿಲ್ಲ. ಮೊದಲು ಇವರನ್ನೆಲ್ಲ ಟ್ರಾಕ್ಟರಿನ ಟ್ರೈಲರಿನಲ್ಲಿ ಸಂತೆಗೆ ಕರೆದುಕೊಂಡು ಹೋಗುತ್ತಿದ್ದವನು ನಾನೇ. ಅದನ್ನು ನಿಲ್ಲಿಸಿದವನೂ ನಾನೇ ಅಂತ ಲೈನಿನಲ್ಲಿ ಮಾತು. ಆ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಚುಚ್ಚುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಟ್ರೈಲರ್ ಎಳೆಯುವ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ಸುತ್ತಿನಲ್ಲಿ ಇರಲಿಲ್ಲ, ಈಗಲೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೆಳಗೆ ಬಗ್ಗಿ ನೋಡಬೇಕು. ಟ್ರೈಲರಿನ ಮೂತಿಯನ್ನು ಟ್ರಾಕ್ಟರಿಗೆ ಸೇರಿಸುವ ಪಿನ್ನು ಸವೆದಿದೆಯೇ, ಅದು ಮೇಲೆ ಹಾರದ ಹಾಗೆ ತಡೆಯುವ ಲಾಕು ಕೂತಿದೆಯೇ. ಪಿನ್ನು ಕೈಕೊಟ್ಟರೂ ಟ್ರೈಲರ್ ಬಿಟ್ಟು ಹೋಗದ ಹಾಗೆ ಚೈನನ್ನು ಅಡ್ಡಡ್ಡ ಹಾಕಬೇಕು. ಗದ್ದೆಯಲ್ಲಿ ಬೇರೆ ಬೇರೆ ಒತ್ತುವ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬಂದ ಕೂಡಲೇ ಒಂದಕ್ಕೊಂದು ಕೊಂಡಿ ಹಾಕಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಒಂದೇ ಗಾಲಿ ಹಿಡಿದು ಟ್ರಾಕ್ಟರ್ ತಿರುಗಿ ಮಲಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಡೀಸೆಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್ ಮಾಡಬಾರದು. ಇದೆಲ್ಲ ನನಗೆ ಪುಸ್ತಕ ಹೇಳಿದ್ದಲ್ಲ.

ಇನ್ನೊಂದು ನಿಯಮವೂ ಗೊತ್ತಿತ್ತು. ಟ್ರೈಲರಿನಲ್ಲಿ ಮನುಷ್ಯರನ್ನು ಕೂರಿಸುವ ಹಾಗಿಲ್ಲ. ಲೈಸೆನ್ಸ್ ಮಾಡಿಸಿದ ದಿನವೇ ಗೊತ್ತು. ಆದರೆ ಕೊಡಗಿನಲ್ಲಿ ಸಂತೆಯ ದಿನ ಅರ್ಧ ಹೊತ್ತು ಕೆಲಸ ಮುಗಿಸಿ ಟ್ರೈಲರಿಗೆ ಗೋಣಿ ಹಾಸಿ ಕೂರುವುದು ಅಪ್ಪ ಅಜ್ಜನ ಕಾಲದಿಂದ ಬಂದದ್ದು. ಗೊಬ್ಬರ ಹೊತ್ತ ಟ್ರೈಲರಿನಲ್ಲೇ ತಲೆಗೆ ಹೂ ಮುಡಿದು ಕೂರುತ್ತಿದ್ದರು. ನನ್ನ ಹೆಂಡತಿಯೂ ಅವರ ಜೊತೆಗೇ. ಹದಿನೆಂಟು ವರ್ಷ ಕರೆದುಕೊಂಡು ಹೋಗಿದ್ದೇನೆ, ಒಂದು ಟೊಮೆಟೊ ಉರುಳಿ ಬಿದ್ದಿರಲಿಲ್ಲ. ಇದನ್ನು ನಾನೇ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ಆ ಓಡಾಟ ನಿಂತ ವರ್ಷ ಸಿಲ್ವರ್ ಓಕ್ ಮರದ ದಿಮ್ಮಿ ಸಾಗಿಸುವವರು ಬಂದಾಗ ನಮ್ಮ ರೈಟರ್ ನನ್ನ ಚೈನನ್ನು ಅವರ ಲಾರಿಗೆ ಕೊಟ್ಟುಬಿಟ್ಟರು. ರೈಟರ್ ಅಂದರೆ ಹಾಜರಿ ಬರೆಯುವವರು, ತೋಟದ ಅರ್ಧ ದರ್ಬಾರು ಅವರದೇ. ಚೈನು ವಾಪಸ್ ಬರಲಿಲ್ಲ. ಅಷ್ಟರಲ್ಲಿ ಪಿನ್ನಿನ ಲಾಕೂ ಮುರಿಯಿತು. ನಾನು ಬೇಲಿ ತಂತಿ ಸುತ್ತಿ ಕಟ್ಟಿದೆ. ಮೂರು ಸಲ ಕೇಳಿದೆ. ನಾಲ್ಕನೇ ಸಲ ಕೇಳಿದ್ದು ಸಂತೆಯ ದಿನ ಬೆಳಿಗ್ಗೆ, ಹಾಜರಿ ಕರೆಯುವ ಮಸ್ಟರಿನಲ್ಲಿ, ಎಲ್ಲರ ಮುಂದೆ.

"ರೈಟ್ರೇ, ಚೈನಿಲ್ದೆ ಜನ ತುಂಬ್ಕೊಂಡು ಹೋಗಕ್ಕಾಗಲ್ಲ."

"ಏನಯ್ಯ, ಕಣ್ಣು ಮುಚ್ಕೊಂಡು ಓಡಿಸ್ತೀನಿ ಅಂತಿದ್ದೆ, ಈಗ ಚೈನು ಬೇಕಾ? ಹೆದರಿಕೆ ಆದ್ರೆ ಹೇಳು. ಕೀ ಇಟ್ಟು ಹೋಗು, ಬೇರೆ ಯಾರಾದ್ರೂ ಓಡಿಸ್ತಾರೆ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಕೀಯನ್ನು ಅಲ್ಲೇ ಮೇಜಿನ ಮೇಲೆ ಇಡಬೇಕಿತ್ತು. ಇಡಲಿಲ್ಲ. ಹದಿನೆಂಟು ವರ್ಷದ ಹೆಸರು ಬೇರೆಯವನ ಕೈಗೆ ಹೋಗುತ್ತದಲ್ಲ ಅಂತ ಒಳಗೆ ಉರಿಯಿತು. ಹೊರಟೆ.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಎಲ್ಲರೂ ಟ್ರೈಲರಿನ ಹಿಂದಿನ ತುದಿಗೆ ಹೋಗಿ ಕೂತರು. ಇದು ನಮ್ಮವರ ಹಳೆಯ ಅಭ್ಯಾಸ. ಮುಂದೆ ಕೂತರೆ ಸೈಲೆನ್ಸರಿನ ಮಸಿ ಒಳ್ಳೆ ಸೀರೆಗೆ ಬೀಳುತ್ತದೆ. ಆದರೆ ಎರಡೇ ಗಾಲಿಯ ಟ್ರೈಲರು ಅದು. ಹಿಂದೆ ಭಾರ ಬಿದ್ದರೆ ಮೂತಿ ಮೇಲೆದ್ದು ಪಿನ್ನನ್ನು ಕೀಳಲು ನೋಡುತ್ತದೆ. ಅದಕ್ಕೇ ಪ್ರತಿ ಸಲ ಅಕ್ಕಿ ಚೀಲ, ಗಂಡಸರು ಎಲ್ಲ ಮುಂದಕ್ಕೆ ಬರುವ ತನಕ ನಾನು ಕ್ಲಚ್ಚು ಬಿಡುತ್ತಿರಲಿಲ್ಲ.

"ಮುಂದೆ ಬನ್ನಿ" ಅಂದೆ.

ಲೈನಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯೊಬ್ಬಳಿದ್ದಳು. ಕಾಫಿ ಹಣ್ಣು ಕೊಯ್ಯುವುದರಲ್ಲಿ ಹುಡುಗಿಯರನ್ನೂ ಮೀರಿಸುವವಳು, ಬಾಯೂ ಅಷ್ಟೇ ಚುರುಕು. ಅಲ್ಲಿಂದಲೇ ಕೂಗಿದಳು:

"ಮುಂದೆ ಹೊಗೆ ಒಂದೇ ಅಲ್ಲ ಕಣ್ಲಾ ಮಗ, ನಿನ್ನ ಬೆವರಿನ ವಾಸ್ನೆ ಬೇರೆ! ನೀನು ಹೊರಡು. ಚೈನಿಲ್ದಿದ್ರೆ ನನ್ನ ಸೀರೆ ಬಿಚ್ಚಿ ಕಟ್ತೀನಿ."

ಟ್ರೈಲರಿಗೆ ಟ್ರೈಲರೇ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು. ಬೇರೆ ದಿನವಾದರೆ ನಾನೂ ಏನಾದರೂ ಅಂದು, ಇಳಿದು ಹೋಗಿ ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದೆ. ಬೆಳಗಿನ ಮಾತು ಇನ್ನೂ ಕುದಿಯುತ್ತಿತ್ತು. ಎರಡನೇ ಸಲ ಹೇಳುವವನಲ್ಲ ನಾನು ಅಂತ ಗೇರು ಹಾಕಿದೆ.

ನೀರಿನ ತೋಡಿನ ಸೇತುವೆ ದಾಟಿದ ಮೇಲೆ ನಮ್ಮ ತೋಟದ ಏರು. ಅಲ್ಲೊಂದು ಗುಂಡಿ. ಟ್ರೈಲರಿನ ಗಾಲಿ ಇಳಿದು ಹತ್ತಿತು, ತಂತಿ ಕಡಿದು ಪಿನ್ನು ಹಾರಿದ ಸದ್ದು ನನಗೆ ಕೇಳಲಿಲ್ಲ. ಬೆನ್ನ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ ಟ್ರಾಕ್ಟರ್ ಹಗುರವಾಯಿತು. ಅಷ್ಟೇ. ತಿರುಗಿ ನೋಡುವಾಗ ಟ್ರೈಲರಿನ ಮೂತಿ ಆಕಾಶ ನೋಡುತ್ತಿತ್ತು. ಹಿಂಭಾಗ ನೆಲಕ್ಕೆ ಉಜ್ಜಿಕೊಂಡು ಕೆಳಗೆ ಜಾರುತ್ತಿತ್ತು. ಹಿಂಬಾಗಿಲು ತೆರೆದುಕೊಂಡು ಜನ, ಅಕ್ಕಿ, ಈರುಳ್ಳಿ ಎಲ್ಲ ರಸ್ತೆಗೆ ಸುರಿಯಿತು. ಹಾಗೆ ಉಜ್ಜಿದ್ದರಿಂದಲೇ ಅದು ಸೇತುವೆಯ ತನಕ ಹೋಗದೆ ರಸ್ತೆಬದಿಯ ಮಣ್ಣಿನ ಬರೆಗೆ ಒರಗಿ ನಿಂತಿತು. ನಾನು ಬ್ರೇಕ್ ಹಾಕಿ ಹಾರಿ ಓಡಿದೆ. ನನ್ನ ಹೆಂಡತಿ ಎದ್ದು ಕೂತು ಕಿವಿಯ ಓಲೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮಿಕ್ಕವರಿಗೆ ತರಚು ಗಾಯ. ಅಜ್ಜಿಯ ಬಲಗೈ ಮಾತ್ರ ಟ್ರೈಲರಿನ ಅಂಚಿಗೂ ರಸ್ತೆಗೂ ನಡುವೆ ಸಿಕ್ಕಿತ್ತು.

ಮಡಿಕೇರಿಯಲ್ಲಿ ಕಟ್ಟು ಹಾಕಿದರು. ಎಲುಬು ಕೂಡಿತು, ಬೆರಳು ಮಡಚಲಿಲ್ಲ. ಆ ಕೈ ಇನ್ನು ಹಣ್ಣು ಕೊಯ್ಯುವುದಿಲ್ಲ.

ಟ್ರೈಲರ್ ಬಿದ್ದ ಮರುದಿನವೇ ತೋಟದ ಧಣಿ ಕರೆಸಿದ್ದರು. ರೈಟರ್ ಪಕ್ಕದಲ್ಲೇ ನಿಂತಿದ್ದರು. ನಾನು ಏನನ್ನೂ ಮುಚ್ಚಲಿಲ್ಲ.

"ಧಣಿ, ಚೈನಿರಲಿಲ್ಲ, ಲಾಕಿರಲಿಲ್ಲ. ಗೊತ್ತಿದ್ದೂ ಹೊರಟಿದ್ದು ನನ್ನ ತಪ್ಪು. ಆದ್ರೆ ಇನ್ಮೇಲೆ ಟ್ರೈಲರಿಗೆ ಜನ ಹತ್ತಿಸಲ್ಲ. ಸಂತೆ ದಿನ ಸೀಟಿರೋ ಒಂದು ಜೀಪು ಮಾಡ್ಕೊಡಿ. ನಾನೇ ಓಡಿಸ್ತೀನಿ, ಆ ಹೊತ್ತಿಗೆ ಸಂಬಳ ಬೇಡ."

ಧಣಿ ತಲೆಯಾಡಿಸಿದರು. "ಸರಿಯಾಗಿ ಹೇಳ್ದೆ. ಕಾನೂನು ಅಂದ್ರೆ ಕಾನೂನೇ."

ಜೀಪಿಗೂ ಸೇರಿಸಿ ತಲೆಯಾಡಿಸಿದರು ಅಂತ ನಾನು ತಿಳಿದೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಅವಳು ಲೈನಿಗೆಲ್ಲ ಹೇಳಿದಳು. ಎರಡು ದಿನದಲ್ಲಿ ಹೊಸ ಚೈನು, ಹೊಸ ಪಿನ್ನು, ಹೊಸ ಲಾಕು ಬಂತು. ನಾಲ್ಕು ಸಲ ಕೇಳಿದರೂ ಸಿಗದ ಚೈನು. ಕಾಫಿ ಸಿಪ್ಪೆ ತೆಗೆಯುವ ಕ್ಯೂರಿಂಗ್ ಕಾರ್ಖಾನೆಗೆ ಹೋಗುವ ಕಾಲ, ರಸ್ತೆಯಲ್ಲಿ ಒಂದು ಮೂಟೆ ಉರುಳಬಾರದಲ್ಲ. ಸಂತೆಯ ಹಿಂದಿನ ದಿನ ಮಸ್ಟರಿನ ಗೋಡೆಗೆ ಒಂದು ಕಾಗದ ಅಂಟಿತು. ರೈಟರ್ ಗಟ್ಟಿಯಾಗಿ ಓದಿದರು: ಸುರಕ್ಷತೆಯ ದೃಷ್ಟಿಯಿಂದ, ಡ್ರೈವರ್ ಕೋರಿಕೆಯ ಮೇರೆಗೆ, ಇನ್ನು ಮುಂದೆ ಕೆಲಸದವರನ್ನು ತೋಟದ ವಾಹನದಲ್ಲಿ ಸಂತೆಗೆ ಕರೆದೊಯ್ಯುವುದಿಲ್ಲ.

ಜೀಪಿನ ಮಾತು ಅದರಲ್ಲಿ ಇರಲಿಲ್ಲ. ನಾನು ಬಂಗಲೆಗೆ ಹೋದೆ. "ಬೇಡ ಅಂದವನು ನೀನೇ ಅಲ್ವಾ?" ಅಂದು ಧಣಿ ಒಳಗೆ ಹೋದರು. ಮತ್ತೆ ಎರಡು ಸಲ ಹೋದೆ. ನಾಯಿ ಕೂಡ ಬೊಗಳುವುದು ಬಿಟ್ಟಿತು, ಅಷ್ಟು ಪರಿಚಯವಾಯಿತು.

ಲೈನಿನವರಿಗೆ ನಾನು ಹೇಳಿ ನೋಡಿದೆ. ಯಾರು ಕೇಳುತ್ತಾರೆ? ಕಾಗದದಲ್ಲಿ ನನ್ನ ಹೆಸರಿಲ್ಲದಿದ್ದರೂ ಡ್ರೈವರ್ ಅಂತ ಇದೆ, ತೋಟಕ್ಕಿರುವ ಡ್ರೈವರ್ ಒಬ್ಬನೇ. "ಅಜ್ಜಿ ಕೈ ತೆಗ್ದ, ನಮ್ಮ ಕಾಲೂ ತೆಗ್ದ" ಅಂತ ನೀರಿನ ಟ್ಯಾಂಕಿನ ಹತ್ತಿರ ಒಬ್ಬಳು ಹೇಳಿದ್ದು ನನ್ನ ಕಿವಿಗೇ ಬಿತ್ತು.

ಕೆಲಸ ಬಿಡಬಹುದಿತ್ತು. ಬಿಟ್ಟರೆ ಕೀ ಇನ್ನೊಬ್ಬನಿಗೆ ಹೋಗುತ್ತದೆ, ಅವನು ಕೆಳಗೆ ಬಗ್ಗಿ ನೋಡುವವನೋ ಅಲ್ಲವೋ. ಹೀಗೆ ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಪಾಡು ಅಂತ ಹೇಳಿದ್ದರೆ ಇನ್ನೂ ನಿಜವಾಗುತ್ತಿತ್ತು.

ಈಗಲೂ ಸಂತೆಯ ದಿನ ನಾನು ನಾಪೋಕ್ಲಿಗೆ ಹೋಗಲೇಬೇಕು, ತೋಟದ ಗೊಬ್ಬರ ತರಲು. ಹೋಗುವಾಗ ಟ್ರೈಲರ್ ಖಾಲಿ. ಮೊದಲ ಸಲ ಹೆಂಡತಿಗೆ, ನೀನಾದರೂ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಬಾ ಅಂತ ನಾಲಿಗೆಯ ತುದಿಗೆ ಬಂತು. ಅಲ್ಲೂ ಯಾರೂ ಕೂರಬಾರದು. ನಾನು ಬಾಯಿ ಬಿಡುವ ಮೊದಲೇ ಅವಳು ಚೀಲ ತೆಗೆದುಕೊಂಡಳು.

"ನಾನು ನಡೀತೀನಿ. ನಿಮ್ಮ ಪಕ್ಕ ಕೂತ್ರೆ ನಾಳೆ ನನ್ನ ಜೊತೆ ಯಾರು ಮಾತಾಡ್ತಾರೆ?"

ಮೊನ್ನೆಯೂ ಹಾಗೆಯೇ. ಇಳಿಜಾರಿನಲ್ಲಿ ಅವರು ಗುಂಪಾಗಿ ಹೋಗುತ್ತಿದ್ದರು, ನನ್ನ ಹೆಂಡತಿ ಮಧ್ಯದಲ್ಲಿ. ಸದ್ದು ಕೇಳಿ ಚರಂಡಿಯ ಬದಿಗೆ ಸರಿದು ನಿಂತರು. ಅಜ್ಜಿ ಮಾತ್ರ ಎರಡು ಹೆಜ್ಜೆ ಮುಂದೆ ಬಂದು ಆ ಮಡಚದ ಕೈಯನ್ನು ಎತ್ತಿದಳು. ನಾನು ಗೇರು ತಗ್ಗಿಸಿ ನಿಲ್ಲಿಸಿದೆ. ಅವಳು ಖಾಲಿ ಟ್ರೈಲರನ್ನು ನೋಡಿದಳು, ಹೊಳೆಯುವ ಚೈನನ್ನು ನೋಡಿದಳು.

"ಚೈನು ಚೆನ್ನಾಗಿದೆ ಕಣ್ಲಾ ಮಗ. ಕಾಫಿ ಮೂಟೆಗೆ ಕೂರಕ್ಕೆ ಹಾಯಾಗಿರುತ್ತಾ?"

ಯಾರೂ ನಗಲಿಲ್ಲ. ಹತ್ತು ಅಂತ ನಾನು ಹೇಳುವ ಹಾಗಿಲ್ಲ, ಹತ್ತಲಾ ಅಂತ ಅವಳು ಕೇಳಲೂ ಇಲ್ಲ. ಒಂದನೇ ಗೇರಿಗೆ ಹಾಕಿ ಮೆಲ್ಲಗೆ ಇಳಿದೆ. ಹಿಂದೆ ಚೈನು ಟ್ರೈಲರಿಗೆ ತಾಗಿ ಸದ್ದು ಮಾಡುತ್ತಿತ್ತು, ಸೇತುವೆ ದಾಟುವ ತನಕ.