ಬಾಯಿ ತೆರೆಯುವ ಮಕ್ಕಳು

ಸೋಲೂರು ಕಡೆಯ ಕುರಿಗಾಹಿ ಬೀರಲಿಂಗಯ್ಯ ಬೀದಿಗೆ ಬಂದರೆ ಸಾಕು, ಮಕ್ಕಳು ಅಳು ನಿಲ್ಲಿಸುತ್ತಿದ್ದವು. ಓಡುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ನಿಂತಲ್ಲೇ ನಿಂತು, ಅವನನ್ನೇ ನೋಡುತ್ತಾ ಬಾಯಿ ಅಗಲಿಸುತ್ತಿದ್ದವು. ಸಂತೆಯಲ್ಲೂ ಅಷ್ಟೇ, ಬಸ್‌ಸ್ಟ್ಯಾಂಡಿನಲ್ಲೂ ಅಷ್ಟೇ. ಗುರುತಿಲ್ಲದ ತಾಯಿಯೊಬ್ಬಳ ಸೊಂಟದ ಮೇಲಿನ ಕೂಸು ಹಾಗೆ ಬಾಯಿ ತೆರೆದಾಗ ನನಗೂ ಮೈ ಜುಮ್ಮೆಂದಿತ್ತು.

"ನನ್ ಮೊಕದಲ್ಲಿ ಏನೈತ್ಲಾ?" ಎಂದು ನನ್ನನ್ನು ಕೇಳುತ್ತಿದ್ದ. ಚಿಕ್ಕಂದಿನಿಂದ ಜೊತೆಗೆ ಕುರಿ ಮೇಯಿಸಿದವನು ನಾನು. "ಮೀಸೆ ಐತೆ ಕಣ್ಲಾ" ಎಂದು ನಗಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಕುರಿ ಕದ್ದನೆಂದು ಪೊಲೀಸರು ಅವನನ್ನು ಹಿಡಿದಿದ್ದರು. ಅವನ ಸ್ವಂತ ಕುರಿಗಳನ್ನೇ ಮುಂದೆ ನಿಲ್ಲಿಸಿ, ಹೆಗಲ ಕಂಬಳಿ ಸಮೇತ ಫೋಟೋ ಹೊಡೆದು ಊರಿಗೆಲ್ಲ ಹಂಚಿದರು. ಆಮೇಲೆ ಕೋರ್ಟು ನಿರಪರಾಧಿ ಎಂದಿತು. ಆ ಫೋಟೋ ಅಳಿಸಿಹಾಕಿಸಿ ಎಂದು ಸ್ಟೇಷನ್ನಿಗೆ ಹೋದರೆ ಪೇದೆ, "ಕಳ್ಳರ ಮುಖ ಜನಕ್ಕೆ ಗೊತ್ತಾಗ್ಬೇಕಲ್ಲಯ್ಯ. ಈಗದು ಎಲ್ಲರ ಫೋನಲ್ಲೈತೆ, ನಾನೇನ್ ಮಾಡ್ಲಿ?" ಎಂದ. ಕಳ್ಳನಲ್ಲದವನ ಮುಖ ಯಾಕಪ್ಪಾ ಗೊತ್ತಾಗಬೇಕು? ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮಗಳು ದಾಸಮ್ಮ ಬಿಡದಿಯಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದಳು. ಕೇಸು ಮುಗಿಯುವವರೆಗೆ ಅಳಿಯ ಮಾವನನ್ನು ಹತ್ತಿರ ಸೇರಿಸಿರಲಿಲ್ಲ. ಈಗ ಬನ್ನಿ ಅಂದಿದ್ದ. ಇನ್ನೂ ಕಂಡಿರದ ಮೊಮ್ಮಗಳು ಪುಟ್ಟಿಯನ್ನು ಒಮ್ಮೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು, ಬೀರಲಿಂಗಯ್ಯನಿಗೆ ಅದೊಂದೇ ಆಸೆ. ತನ್ನ ಕುರಿಗಳ ಉಣ್ಣೆಯಲ್ಲೇ ಮಗುವಿಗೊಂದು ಪುಟ್ಟ ಕಂಬಳಿ ನೇಯಿಸಿದ. ಜೊತೆಗೆ ನಾನೂ ಹೋದೆ.

ಜಗಲಿಯಲ್ಲಿ ಕೂತಿದ್ದೆವು. ಪುಟ್ಟಿ ಬಾಗಿಲಿಗೆ ಬಂದಳು. "ತಾತ ಬಂದವ್ರೆ, ಓಗವ್ವ" ಎಂದಳು ದಾಸಮ್ಮ. ಮಗು ಅವನನ್ನು ನೋಡಿ ಬಾಯಿ ತೆರೆಯಿತು. ಬಾಯಲ್ಲಿ ಏನೂ ಇಲ್ಲದಿದ್ದರೂ ಮುಚ್ಚಿ, ತುತ್ತು ನುಂಗಿದಂತೆ ನುಂಗಿತು. ಮತ್ತೆ ತೆರೆಯಿತು.

ಅಷ್ಟರಲ್ಲಿ ಮಗುವನ್ನು ನೋಡಿಕೊಳ್ಳುವ ಪಕ್ಕದ ಮನೆ ಯಲ್ಲಮ್ಮ ಅನ್ನದ ಬಟ್ಟಲು, ಫೋನು ಹಿಡಿದು ಬಂದಳು. "ಉಣ್ಣಾಕೆ ಒಸಿ ಹಟ ಕಣವ್ವ. ಈ ಗುಮ್ಮನ್ನ ತೋರ್ಸುದ್ರೆ ತುತ್ತು ಸಲೀಸಾಗಿ ಒಳಿಕ್ ಓಯ್ತದೆ. ಸೋಲೂರಿಂದ ಬಿಡದಿ ಗಂಟ ಎಲ್ರೂ ಇದ್ನೇ ತೋರ್ಸೋದು" ಎಂದವಳು ತಲೆಯೆತ್ತಿ ಬೀರಲಿಂಗಯ್ಯನನ್ನು ಕಂಡಳು. ಫೋನನ್ನು ಸೆರಗಿನಡಿಗೆ ಸರಿಸಿದಳು. ದಾಸಮ್ಮ ಫೋನು ಕಿತ್ತುಕೊಂಡು ನೋಡಿದಳು: ಪೊಲೀಸರು ಹೊಡೆದಿದ್ದ ಅಪ್ಪನ ಅದೇ ಫೋಟೋ.

ಬೀರಲಿಂಗಯ್ಯ ಮಗುವಿನ ಕಂಬಳಿಯನ್ನು ಪಕ್ಕಕ್ಕಿಟ್ಟು, ಗೋಡೆ ಕಡೆ ತಿರುಗಿ ಕೂತ. "ಈಗ ಬಾರವ್ವ" ಎಂದ. "ಮೊಕ ತೋರ್ಸಲ್ಲ."

ಪುಟ್ಟಿ ಬರಲಿಲ್ಲ. ಅವನ ಬೆನ್ನನ್ನೇ, ಹೆಗಲ ಮೇಲಿನ ಕಂಬಳಿಯನ್ನೇ ನೋಡುತ್ತಾ ಇನ್ನೊಂದು ಸಲ ಬಾಯಿ ತೆರೆದಳು.