ಮಾರ್ಕೋನ ಊರಿಗೆ ನಾನು ಬಡಿಸಿದ ಕೋಳಿ

ತಪ್ಪು ನನ್ನದೇ. ಇಟಲಿಯ ಪುಟ್ಟ ಬೆಟ್ಟದೂರೊಂದರ ಚರಿತ್ರೆಗೆ ನಾನು ನಮ್ಮ ಕರಾವಳಿಯ ಕೋಳಿ ಸುಕ್ಕ ಬೆರೆಸಿಬಿಟ್ಟೆ.

ನನ್ನ ಕೆಲಸ ಅಬುಧಾಬಿಯ ಒಂದು ಇಟಾಲಿಯನ್ ರೆಸ್ಟೋರೆಂಟಿನಲ್ಲಿ. ಮೆನುವಿನ ಮೊದಲ ಪುಟದಲ್ಲಿ ನಮ್ಮ ಶೆಫ್ ಮಾರ್ಕೋ ಹುಟ್ಟಿದೂರಿನ ಕಥೆಯಿದೆ. ಕಲ್ಲಿನ ಚರ್ಚು, ಹಳೇ ಗಂಟೆ, ಚೆಸ್ಟ್‌ನಟ್ ಕಾಡು, ಇಡೀ ಊರಿಗೆ ಒಂದೇ ಬ್ರೆಡ್ ಒಲೆ. ಒಟ್ಟು ಐದು ಸಾಲು. ಗಿರಾಕಿಗಳಿಗೆ ಅದನ್ನು ಮಾರ್ಕೋನದೇ ದನಿಯಲ್ಲಿ, ಅವನ ಥರವೇ ಕೈ ಬೀಸುತ್ತ ಹೇಳುವುದು ನನ್ನ ಐಟಂ. (ಸ್ವಂತ ದನಿಯೊಂದನ್ನು ಬಿಟ್ಟು ನನಗೆ ಎಲ್ಲರ ದನಿಯೂ ಬರುತ್ತದೆ.)

ಆದರೆ ಐದು ಸಾಲಿಗೆ ಎಷ್ಟು ಹೊತ್ತು ಕೈ ಬೀಸುವುದು? ಆರನೆಯದನ್ನು ಕಾಪುವಿನ ನನ್ನಜ್ಜಿ ಮನೆಯಿಂದ ತಂದೆ. "ವರ್ಷಕ್ಕೊಮ್ಮೆ ನಮ್ಮೂರಲ್ಲಿ ತೀರಿಹೋದ ಹಿರಿಯರಿಗೆ ಬಡಿಸುತ್ತೇವೆ. ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಅವರು ಬಂದು ಉಂಡು ಹೋಗುತ್ತಾರೆ." ಗಿರಾಕಿಗಳು ಕಣ್ಣೊರೆಸಿಕೊಂಡು ಸಿಹಿಗೆಂದು ಇನ್ನೊಂದು ತಿರಾಮಿಸು ಹೇಳುತ್ತಿದ್ದರು. ಬಿಸಿನೆಸ್ಸಿಗೆ ಇನ್ನೇನು ಬೇಕು?

ಕಳೆದ ವಾರ ಮಧ್ಯಾಹ್ನದ ಊಟಕ್ಕೆ ಬಿಳಿಗೂದಲಿನ ಅಜ್ಜಿಯೊಬ್ಬರು ಒಂಟಿಯಾಗಿ ಬಂದು ಕೂತರು. ಫುಲ್ ಶೋ ಕೊಟ್ಟೆ. ಅಜ್ಜಿ ಇಂಗ್ಲಿಷ್ ಪದಗಳನ್ನು ಹುಡುಕಿ ಹುಡುಕಿ ಕೇಳಿದರು: "ಹಿರಿಯರ ತಟ್ಟೆಗೆ ಏನು ಹಾಕುತ್ತಾರೆ?"

"ಕೋಳಿ" ಎಂದೆ, ಯೋಚಿಸದೆ. "ಖಾರವಾಗಿ."

ಬೆನ್ನ ಹಿಂದೆ ಮಾರ್ಕೋನ ದನಿ: "ಮಮ್ಮಾ, ಆರ್ಡರ್ ಕೊಟ್ಟೆಯಾ?"

ಈ ಸಲ ಆ ದನಿ ನನ್ನದಲ್ಲ!

ಕಿಚನ್ನಿಗೆ ಓಡಿದೆ. ಈ ತಿಂಗಳು ನನ್ನ ಕಾಂಟ್ರಾಕ್ಟ್ ರಿನ್ಯೂ ಆಗಬೇಕು. ಮಾರ್ಕೋ "ಹೂಂ" ಅನ್ನದೆ ಆಗುವುದಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ ಮಂಗಳೂರಿನ ಲಾರೆನ್ಸಣ್ಣ ಎಲ್ಲ ಕೇಳಿ ಚಾಕು ಕೆಳಗಿಟ್ಟರು. "ಅವರ ಊರಿನ ಸತ್ತವರಿಗೆ ನೀನ್ಯಾಕೆ ಕೋಳಿ ಬಡಿಸ್ಲಿಕ್ಕೆ ಹೋದದ್ದು ಮಾರಾಯ? ಖಲಾಸ್! ಹೋಗು, ಸಾರಿ ಕೇಳು."

ಹೋದೆ. ಅದು ನನ್ನಜ್ಜಿ ಮನೆಯ ಪದ್ಧತಿ, ನಿಮ್ಮೂರಿನದಲ್ಲ ಎಂದು ನನ್ನದೇ ಬಡಕಲು ದನಿಯಲ್ಲಿ ಒಪ್ಪಿಕೊಂಡೆ.

ಅಜ್ಜಿ ಮಗನ ಕಡೆ ತಿರುಗಿ ಇಟಾಲಿಯನ್ನಿನಲ್ಲಿ ಶುರು ಮಾಡಿದರು. ಮಾರ್ಕೋನ ಕೈಗಳು ಮೊದಲ ಸಲ ಅಲ್ಲಾಡದೆ ನಿಂತವು. ಆಮೇಲೆ ಅವನೇ ಪೆಚ್ಚಾಗಿ ವಿವರಿಸಿದ. ಅವರೂರಲ್ಲೂ ಸತ್ತವರ ದಿನ ಮೇಜಿನ ಮೇಲೆ ಬೇಯಿಸಿದ ಚೆಸ್ಟ್‌ನಟ್ ಕಾಯಿ, ನೀರು ಇಡುತ್ತಾರಂತೆ. ತೀರಿಹೋದ ಅಪ್ಪನಿಗೆಂದು ಅಮ್ಮ ಈಗಲೂ ಇಡುತ್ತಾರಂತೆ. ಚಿಕ್ಕವನಿದ್ದಾಗಲೇ ಊರು ಬಿಟ್ಟವನಿಗೆ ಅದು ಮರೆತೇ ಹೋಗಿತ್ತು. ಹಾಗಾಗಿ ಮೆನುವಿನಲ್ಲೂ ಇರಲಿಲ್ಲ.

"ಕಥೆ ಇರಲಿ, ಹುಡುಗನೂ ಇರಲಿ" ಎಂದು ಅಜ್ಜಿ ತೀರ್ಪು ಕೊಟ್ಟರು. ನಾನು ಉಸಿರು ಬಿಡುವಷ್ಟರಲ್ಲಿ ಬೆರಳೆತ್ತಿದರು.

"ಕೋಳಿ ಮಾತ್ರ ತೆಗೆ. ಅದನ್ನಿಟ್ಟರೆ ನನ್ನ ಗಂಡ ವಾಪಸ್ ಹೋಗುವುದೇ ಇಲ್ಲ."