ಇಸ್ತ್ರಿ ಮಾಡಿಕೊಂಡು ಹೋಗುವ ಕಾಯಿಲೆ

ಇಂದು ಬೆಳಗ್ಗೆ ಅಡುಗೆಮನೆಯವರೆಗೂ ಬೂಟ್ ಪಾಲಿಶಿನ ವಾಸನೆ ಬಂತು. ನಮ್ಮ ಬೈಲಹೊಂಗಲದ ಮನೆಯಲ್ಲಿ ಈ ವಾಸನೆ ಬಂದರೆ ಯಾರದೋ ಮದುವೆ ಇರಬೇಕು, ಇಲ್ಲವೆ ನಮ್ಮ ಯಜಮಾನರು ಆಸ್ಪತ್ರೆಗೆ ಹೊರಟಿರಬೇಕು. ಮದುವೆ ಇರಲಿಲ್ಲ. ಬೆಳಗಾವಿಯಲ್ಲಿ ಮಾಜಿ ಸೈನಿಕರಿಗೆಂದು ಇರುವ ದವಾಖಾನೆಯಲ್ಲಿ ಕಿವಿಯ ಡಾಕ್ಟರನ್ನು ಕಾಣುವ ಪಾಳಿ, ಎರಡು ತಿಂಗಳು ಫೋನಿಗೆ ಜೋತುಬಿದ್ದ ಮೇಲೆ, ಇಂದಿಗೆ ಸಿಕ್ಕಿತ್ತು. ಅವರ ಎಡಗಿವಿ ಹೋಗಿ ಎಷ್ಟೋ ವರ್ಷವಾಯಿತು. ಈಗ ಬಲಗಿವಿಯೂ ಹೊರಟು ನಿಂತಿದೆ. ಅದನ್ನಾದರೂ ಉಳಿಸಿಕೊಳ್ಳಬೇಕೆಂಬ ಚಡಪಡಿಕೆಯಲ್ಲಿ ನಾನು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

“ಬಸ್ ತಪ್ಪತೈತಿ, ಲಗೂ ಏಳ್ರಿ,” ಎಂದೆ. ಅವರು ಬೂಟು ತಿಕ್ಕುತ್ತಲೇ ಇದ್ದರು.

ಈ ಬೂಟಿನ ಮೇಲೆ ನನಗೆ ಹಳೆಯ ಸಿಟ್ಟಿದೆ, ಹೇಳುತ್ತೇನೆ ಕೇಳಿ. ಅವರು ಫೌಜಿನಲ್ಲಿ ತೋಪು ಹಾರಿಸುವ ಪಡೆಯಲ್ಲಿದ್ದವರು. ಉತ್ತರದ ಒಂದೂರಿನ ಕ್ವಾರ್ಟರ್ಸಿನಲ್ಲಿದ್ದಾಗ ಅವರ ಎಡಗಿವಿ ಗುಂಯ್‌ಗುಡತೊಡಗಿತು. ನನ್ನ ತವರು ಮುರಗೋಡದಲ್ಲಾದರೆ ತಲೆಗೆ ಟವೆಲ್ ಸುತ್ತಿಕೊಂಡು ದವಾಖಾನೆಯ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಫೌಜಿನಲ್ಲಿ ಕಾಯಿಲೆ ಬೀಳುವುದಕ್ಕೂ ಪರೇಡು. ಮೊದಲು ಹವಾಲ್ದಾರರಿಗೆ ಹೇಳಬೇಕು, ಅವರು ರಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಗಡ್ಡ ಬೋಳಿಸಿ, ಬೂಟು ತಿಕ್ಕಿ, ಇಸ್ತ್ರಿ ಬಟ್ಟೆ ತೊಟ್ಟು, ಒಂದು ವೇಳೆ ಭರ್ತಿ ಮಾಡಿಕೊಂಡರೆ ಇರಲಿ ಎಂದು ತಾಟು, ಮಗ್ಗು ಚೀಲದಲ್ಲಿ ಹಾಕಿಕೊಂಡು ಸಾಲಿನಲ್ಲಿ ನಿಲ್ಲಬೇಕು. ಅಷ್ಟೆಲ್ಲ ಮಾಡಬಲ್ಲವನಿಗೆ ಕಾಯಿಲೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ತಪ್ಪೇನು?

ಅಲ್ಲಿಯ ಡಾಕ್ಟರು ನಾಲ್ಕು ಮಾತ್ರೆ ಕೊಟ್ಟು ಡ್ಯೂಟಿಗೆ ಕಳಿಸುತ್ತಿದ್ದರು. ಕಿವಿಯ ದೊಡ್ಡ ಡಾಕ್ಟರು ಬರುವುದು ಗುರುವಾರ ಮಾತ್ರ. ಒಂದು ಗುರುವಾರ ಗಾರ್ಡ್ ಡ್ಯೂಟಿ, ಮತ್ತೊಂದು ಗುರುವಾರ ಡಾಕ್ಟರಿಗೇ ರಜೆ, ಇನ್ನೊಂದು ಗುರುವಾರ ಫೈರಿಂಗು. ಕಿವಿ ಕೆಡಿಸಿದ ಫೈರಿಂಗೇ ಕಿವಿ ತೋರಿಸುವ ದಿನವನ್ನೂ ನುಂಗಿತಲ್ಲ ಎಂದು ನಾನು ಉರಿದುಬಿದ್ದೆ.

“ಫೌಜ್ ಅಂದ್ರ ಹಂಗ ಇರ್ತೈತಿ, ಏನ್ ಮಾಡೂದೈತಿ?” ಎಂದರು ಅವರು.

ಕೊನೆಗೊಂದು ಗುರುವಾರ ಕೂಡಿಬಂತು. ನಾನೇ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ತಿಕ್ಕಿದೆ. ದೊಡ್ಡ ಡಾಕ್ಟರು ನೋಡಿ ಮೆಚ್ಚಬೇಕೆಂಬ ಹುಚ್ಚು ನನಗೆ. ಮಧ್ಯಾಹ್ನ ಮನೆಗೆ ಬಂದವರ ಮುಖ ಸಣ್ಣದಾಗಿತ್ತು.

“ಏನಂದ್ರು?” ಎಂದೆ.

“ಸಾಹೇಬ್ರು ತಲಿ ಎತ್ತಿ, ಕೈಸೇ ಹೋ ಜವಾನ್ ಅಂತ ಕೇಳಿದ್ರು.”

“ನೀವೇನಂದ್ರಿ?”

“ಸಲ್ಯೂಟ್ ಹೊಡದು, ಏಕದಂ ಠೀಕ್ ಸಾಬ್ ಅಂದ್ನಿ.”

ಸಾಹೇಬರು ಕಿವಿಯೊಳಗೆ ಒಮ್ಮೆ ಬ್ಯಾಟರಿ ಬಿಟ್ಟು ನೋಡಿ, ಫಿಟ್ ಎಂದು ಬರೆದು, ಮುಂದಿನವನನ್ನು ಕರೆದರಂತೆ. ವರ್ಷಗಟ್ಟಲೆ ರೂಢಿಯಾದ ಬಾಯಿ, ಕಿವಿಯನ್ನು ವಿಚಾರಿಸದೆ ಉತ್ತರ ಕೊಟ್ಟಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮತ್ತೆ ಹೆಸರು ಬರೆಸಿ ಪಾಳಿ ಬರುವಷ್ಟರಲ್ಲಿ ವರ್ಗಾವಣೆಯ ಹುಕುಂ ಬಂತು, ಹೊಸ ಊರಿನಲ್ಲಿ ಎಡಗಿವಿ ಪೂರ್ತಿ ಬಂದ್ ಆಯಿತು. ಆ ದಿನ ನಕ್ಕಿದ್ದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆದ್ದರಿಂದ ಇಂದು ನಾನೇ ಜೊತೆಗೆ ಹೋದೆ. ಬಲಗಿವಿಯೂ ಮಂದವಾಗಿದೆ ಎಂದು ನನಗೆ ತಿಳಿದದ್ದು ಅವರು ಟಿವಿಯ ದನಿ ಏರಿಸತೊಡಗಿದಾಗ. ಅದಕ್ಕಿಂತ ಹೆಚ್ಚಿನದೇನೂ ನಾನು ಯೋಚಿಸಿರಲಿಲ್ಲ. ಮನೆಯಲ್ಲಂತೂ ಒಂದು ವರ್ಷದಿಂದ ಅವರು ನನಗೆ ಎದುರು ಮಾತಾಡುವುದನ್ನೇ ಬಿಟ್ಟಿದ್ದರು. ಕೊನೆಗೂ ನನ್ನ ಮಾತಿಗೆ ಬೆಲೆ ಬಂತು ಎಂದು ಓಣಿಯ ಹೆಂಗಸರ ಮುಂದೆ ಮೆರೆದಿದ್ದೆ.

ಎರಡು ಗಂಟೆ ಬೆಂಚಿನ ಮೇಲೆ ಕಾಯಿಸಿ ಒಳಗೆ ಕರೆದರು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. “ಏನ್ ತ್ರಾಸ ಐತ್ರಿ ಕಾಕಾ?” ಎಂದು ದೊಡ್ಡ ದನಿಯಲ್ಲಿ ಕೇಳಿದಳು. ಇವರು ಹಿಮ್ಮಡಿ ಜೋಡಿಸಿ ಎದ್ದು ನಿಂತರು. ಮತ್ತೆ ಅದೇ ಏಕದಂ ಠೀಕ್ ಬಂತು ಎಂದುಕೊಂಡೆ. ನಾನು ಬಾಯಿ ಹಾಕುವಷ್ಟರಲ್ಲಿ ಅವರು ಕೈಯೆತ್ತಿ ನನ್ನನ್ನು ತಡೆದರು.

“ಒಂದ್ ವರ್ಷಾತ್ರಿ, ಇಕಿ ದನಿ ಕೇಳಸವಲ್ದು. ತುಟಿ ಅಲ್ಲಾಡೂದು ಅಷ್ಟ ಕಾಣತೈತಿ. ಬೈಯಾಕ ಹತ್ತ್ಯಾಳೋ, ಊಟಕ್ಕ ಕರಿಯಾಕ ಹತ್ತ್ಯಾಳೋ ಗೊತ್ತಾಗೂದಿಲ್ಲ. ಸುಮ್ನ ಗೋಣ ಹಾಕತೇನಿ.”

ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ.

“ಭಾಳ ತಡಾ ಮಾಡೀರಿ,” ಎಂದಳು ಡಾಕ್ಟರು, ತಪಾಸಣೆ ಮುಗಿಸಿ. “ಸ್ವಲ್ಪ ಉಳದೈತಿ. ಎಷ್ಟ ದಿನ ಅಂತ ಹೇಳಾಕ ಬರೂದಿಲ್ಲ. ಕಿವಿಗೆ ಹಾಕೂ ಮಿಶನ್ ಕೊಡೂಣು.” ಮಿಶನ್ನಿಗೆ ಇನ್ನೊಂದು ಪಾಳಿ, ಇನ್ನೊಂದು ತಿಂಗಳು.

ಬಸ್ಸಿನಲ್ಲಿ ಅವರ ಬಲಕ್ಕೆ ಕೂತೆ. ಇಷ್ಟು ವರ್ಷ ವಟಗುಟ್ಟಿದವಳಿಗೆ ಏನು ಹೇಳಬೇಕೆಂದೇ ತಿಳಿಯಲಿಲ್ಲ. ಕಿವಿಗೆ ಬಾಯಿ ಹಚ್ಚಿ, “ಸಂಜಿಗೆ ಏನ್ ಅಡಗಿ ಮಾಡ್ಲಿ?” ಎಂದು ಕೂಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಏನರೆ ಮಾಡು,” ಎಂದರು. “ಹಿಂಗ ಮಾತಾಡಕೋತ ಇರು.”

ಬೈಲಹೊಂಗಲ ಬರುವವರೆಗೂ ನಾನು ಬಾಯಿ ಮುಚ್ಚಲಿಲ್ಲ.